ಕನ್ನಡಿಗೆ ನೇತುಹಾಕಿದ ಹೆಲ್ಮೆಟ್

ನನ್ನ ಸಿಟ್ಟು ಇರುವುದು ಹೆಬ್ಬೆರಳಿನ ತುದಿಯಲ್ಲಿ. ಹದಿನೈದು ವರ್ಷದಿಂದ ಥರ್ಮಾಕೋಲ್ ಕಾರ್ಖಾನೆಯ ತಪಾಸಣೆ ಮೇಜಿನ ಮುಂದೆ ನಿಂತವಳು ನಾನು. ಫ್ರಿಜ್ಜಿನ ಮೂಲೆಗಿಡುವ ತುಂಡು, ಟೀವಿ ಕೂರಿಸುವ ಅಚ್ಚು, ಔಷಧಿಯ ಪೆಟ್ಟಿಗೆ, ಎಲ್ಲದರ ಮೇಲೂ ಹೆಬ್ಬೆರಳು ಓಡಿಸಿ ಮುಂದಕ್ಕೆ ತಳ್ಳುತ್ತೇನೆ. ಎಲ್ಲಾದರೂ ತಗ್ಗಿದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಥರ್ಮಾಕೋಲ್ ಸ್ಪಂಜಿನ ಹಾಗಲ್ಲ, ಒಮ್ಮೆ ಕುಸಿದರೆ ಮತ್ತೆ ಏಳುವುದಿಲ್ಲ. ಅಂಥದ್ದು ಸಿಕ್ಕಿದರೆ ಎರಡು ತುಂಡು ಮಾಡಿ ಬುಟ್ಟಿಗೆ ಹಾಕುತ್ತೇನೆ. ಮುರಿಯದೆ ಹಾಕಿದರೆ ಯಾವನೋ ಪುಣ್ಯಾತ್ಮ ಅದನ್ನೇ ಎತ್ತಿ ಮತ್ತೆ ಸಾಲಿಗೆ ಸೇರಿಸುತ್ತಾನೆ.

ಹೊಟ್ಟೆಪಾಡು ಅದು. ಹುಚ್ಚು ಬೇರೆ: ಬೈಕು. ರಜೆ ಸಿಕ್ಕಿದರೆ ಶೋರೂಮಿಗೆ ಹೋಗಿ ಹೊಸದಾಗಿ ಬಂದದ್ದನ್ನು ಒಂದು ಸುತ್ತು ಓಡಿಸಿ ನೋಡಬೇಕು. ಇಲ್ಲಿಯವರೆಗೆ ಮೂವತ್ತೊಂದು ಬೈಕು ಓಡಿಸಿ ನೋಡಿದ್ದೇನೆ, ಕೊಂಡದ್ದು ಒಂದೇ, ಅದೂ ಸೆಕೆಂಡ್ ಹ್ಯಾಂಡ್. ಶೋರೂಮಿನವರು ಬೆನ್ನ ಹಿಂದೆ 'ಟ್ರಯಲ್ ಅಕ್ಕ' ಎಂದು ಕರೆಯುತ್ತಾರಂತೆ. ಎದುರಿಗೆ ಮಾತ್ರ, "ಸ್ಕೂಟರ್ ಆ ಕಡೆ ಇದೆ ಮೇಡಂ." ಒಬ್ಬನಂತೂ ಕೀಲಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡು, "ಸಾರ್ ಬರ್ತಾರಾ?" ಎಂದು ಕೇಳಿದ.

"ಯಾವ ಸಾರ್?"

"ಅದೇ, ಬೈಕ್ ಓಡ್ಸೋ ಸಾರ್."

"ಅವ್ರ ಜೊತೇನೇ ಮಾತಾಡ್ತಾ ಇದ್ದೀಯಪ್ಪ. ಕೊಡು ಕೀಲಿ."

ಸವಾರಿ ಮುಗಿಸಿ ಬಂದು, ಸ್ಟ್ಯಾಂಡ್ ಒದ್ದು, ಹೆಲ್ಮೆಟ್ ಬಿಚ್ಚಿ ಹ್ಯಾಂಡಲಿನ ಕನ್ನಡಿಗೆ ನೇತುಹಾಕಿ ತಿರುಗಿ ನೋಡದೆ ನಡೆಯುವುದಿದೆಯಲ್ಲ, ಆ ಗತ್ತು ನನಗೆ ಬಹಳ ಇಷ್ಟ. ಮಗಳಿಗೂ ಅದನ್ನೇ ಕಲಿಸಿದೆ. ಎಡಗನ್ನಡಿ ಅವಳದು, ಬಲಗನ್ನಡಿ ನನ್ನದು. ಮೆಟ್ಟಿಲ ಕೆಳಗೆ ನಿಂತ ನಮ್ಮ ಬೈಕು ದಿನವಿಡೀ ಎರಡು ತಲೆ ಹೊತ್ತುಕೊಂಡು ಕಾವಲು ಕಾಯುವಂತೆ ಕಾಣುತ್ತಿತ್ತು.

ಮಗಳಿಗೆ ಇಪ್ಪತ್ತೊಂದು. ಎಂಟು ತಿಂಗಳು ಬಾಗಿಲು ಬಾಗಿಲು ತಟ್ಟಿದ ಮೇಲೆ ಒಂದು ಕೆಲಸ ಕೈಗೆ ಬಂದಿತ್ತು. ಆಸ್ಪತ್ರೆಗಳಿಂದ ರಕ್ತದ ಸ್ಯಾಂಪಲ್ ತೆಗೆದುಕೊಂಡು ಬೈಕಿನಲ್ಲಿ ಲ್ಯಾಬಿಗೆ ಮುಟ್ಟಿಸುವುದು. ಷರತ್ತು ಒಂದೇ: ರೈಡಿಂಗ್ ಶಾಲೆಯ ಎರಡು ದಿನದ ತರಬೇತಿಯ ಸರ್ಟಿಫಿಕೇಟು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಸಾಲಿನಲ್ಲಿ ಮುಂದಿನವರು. ಶನಿವಾರ, ಭಾನುವಾರ ತರಬೇತಿ. ಅವಳ ಜೊತೆ ನಾನೂ ಹೆಸರು ಕೊಟ್ಟೆ. ಇಷ್ಟು ವರ್ಷ ಓಡಿಸಿದ್ದೆಲ್ಲ ಬಿದ್ದು ಎದ್ದು ಕಲಿತದ್ದು. ಒಮ್ಮೆಯಾದರೂ ಗೊತ್ತಿದ್ದವರಿಂದ ಹೇಳಿಸಿಕೊಳ್ಳಬೇಕು ಎಂಬ ಆಸೆ.

ಶಾಲೆಯೆಂದರೆ ಮುಚ್ಚಿದ ಗೋದಾಮೊಂದರ ಮುಂದಿನ ಕಾಂಕ್ರೀಟು ಅಂಗಳ. ಹನ್ನೊಂದು ಜನರ ಬ್ಯಾಚು. ಕಲಿಸುವವನನ್ನು ಎಲ್ಲರೂ ಕೋಚ್ ಎನ್ನುತ್ತಿದ್ದರು. ಛಾವಣಿಯ ಕೆಳಗೂ ಕಪ್ಪು ಕನ್ನಡಕ ತೆಗೆಯದ ಮನುಷ್ಯ.

ಮೊದಲ ಜಗಳ ಜಾಕೆಟ್ಟಿನದು. ಇದ್ದವೆಲ್ಲ ಗಂಡಸರ ಅಳತೆ. ನಾನು ತೊಟ್ಟರೆ ತೋಳು ಬೆರಳು ದಾಟಿತು, ಮೊಣಕೈಗೆ ಇರಬೇಕಾದ ಪ್ಯಾಡು ಮಣಿಕಟ್ಟಿನ ಹತ್ತಿರ ಬಂದು ಕೂತಿತು.

"ಇದನ್ನ ಹಾಕ್ಕೊಂಡು ಬಿದ್ರೆ ಮೊಣಕೈ ಪುಡಿಯಾಗುತ್ತೆ, ಪ್ಯಾಡ್ ಮಾತ್ರ ಆರಾಮಾಗಿರುತ್ತೆ" ಎಂದೆ.

"ಫ್ಯಾಷನ್ ಶೋಗೆ ಬಂದಿಲ್ಲ ಮೇಡಂ ನಾವು" ಎಂದ ಕೋಚ್. ನಾಲ್ಕು ಜನ ನಕ್ಕರು. ನಾನು ಹಲ್ಲು ಕಚ್ಚಿಕೊಂಡು ಚೀಲದಿಂದ ಟೇಪು ತೆಗೆದು ಪ್ಯಾಡನ್ನು ಮೊಣಕೈಗೆ ಸುತ್ತಿದೆ. ಮಗಳು ತನ್ನ ಕೈಯನ್ನೂ ಮುಂದೆ ಚಾಚಿದಳು.

"ಅಮ್ಮ, ಪಾರ್ಸಲ್ ತರ ಕಾಣ್ತಿದ್ದೀವಿ."

"ಒಡೆಯೋ ಸಾಮಾನು ಅಂತ ಚೀಟಿ ಅಂಟಿಸ್ಲಾ?"

"ನಿನಗೆ ಅಂಟಿಸ್ಬೇಕು. ಮುಟ್ಟಿದ್ರೆ ಸಿಡಿಯುತ್ತೆ ಅಂತ."

ಆ ದಿನ ಕೋಚ್ ಒಂದು ಒಳ್ಳೆಯ ಮಾತು ಹೇಳಿದ, ಸುಳ್ಳು ಯಾಕೆ ಹೇಳಲಿ. "ಬಿದ್ದ ಹೆಲ್ಮೆಟ್ ಸತ್ತ ಹೆಲ್ಮೆಟ್. ಹೊರಗೆ ಚೆನ್ನಾಗೇ ಕಾಣುತ್ತೆ. ಒಳಗೆ ಥರ್ಮಾಕೋಲ್ ಕುಸಿದಿರುತ್ತೆ. ಎರಡನೇ ಏಟು ಅದು ತಡೆಯಲ್ಲ, ನಿಮ್ಮ ತಲೆ ತಡೀಬೇಕು. ಪಟ್ಟಿ ಕತ್ತರಿಸಿ ಬಿಸಾಕಿ. ಕತ್ತರಿಸದೆ ಬಿಸಾಕಿದ್ರೆ ಇನ್ನೊಬ್ಬ ಎತ್ಕೊಂಡು ಹಾಕ್ಕೋತಾನೆ." ನಮ್ಮ ಮೇಜಿನ ನಿಯಮವೇ ಈತನ ಬಾಯಲ್ಲಿ ಬಂತಲ್ಲ ಎಂದು ಜಾಕೆಟ್ಟಿನ ಸಿಟ್ಟು ಅರ್ಧ ಇಳಿಯಿತು. ಸಂಜೆ ಮಗಳು ಸಾಲಾಗಿ ನಿಲ್ಲಿಸಿದ ಪ್ಲಾಸ್ಟಿಕ್ ಕೋನುಗಳ ನಡುವೆ ಹಾವಿನ ಹಾಗೆ ನುಸುಳಿ ಬಂದಾಗ ಉಳಿದರ್ಧವೂ ಇಳಿಯಿತು.

ಭಾನುವಾರದ ಪಾಠ ತುರ್ತು ಬ್ರೇಕು. ವೇಗವಾಗಿ ಬಂದು ಬಿಳಿ ಗೆರೆಯ ಮೇಲೆ ಬ್ರೇಕು ಹಿಡಿದು ಕೆಂಪು ಗೆರೆಯೊಳಗೆ ನಿಲ್ಲಬೇಕು. ಹಿಂದಿನ ಬ್ಯಾಚಿನಲ್ಲಿ ಮೂವರು ಬಿದ್ದಿದ್ದರಂತೆ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಕಡ್ಡಾಯ. ಮಗಳದು ಅಂಥದ್ದೇ. ನನ್ನದು ಮುಖ ತೆರೆದದ್ದು, ಹಾಗಾಗಿ ಕೋಚ್ ಕಪಾಟಿನಿಂದ ಶಾಲೆಯದೊಂದನ್ನು ಎಸೆದ.

ಹಾಕಿಕೊಂಡೆ. ಬಲಗಡೆ ಬಿಗಿ, ಎಡಗಡೆ ಸಡಿಲ. ತೆಗೆದು ಒಳಗಿನ ಬಟ್ಟೆಯ ಗುಂಡಿ ಬಿಚ್ಚಿ ಹೆಬ್ಬೆರಳು ಓಡಿಸಿದೆ. ಎಡಗಡೆ, ಕಿವಿಗಿಂತ ನಾಲ್ಕು ಬೆರಳು ಮೇಲೆ, ಬೆರಳು ಒಳಕ್ಕೆ ಇಳಿಯಿತು. ಅಂಗೈ ಅಗಲದ ತಗ್ಗು, ನಡುವೆ ಕೂದಲೆಳೆಯಷ್ಟು ಬಿರುಕು. ಹೊರಗಡೆ ಹೊಸ ಬಣ್ಣ, ಮಿರಮಿರ.

"ಇದು ಬಿದ್ದಿರೋ ಹೆಲ್ಮೆಟ್ಟು" ಎಂದೆ.

"ಬಿದ್ದಿಲ್ಲ ಮೇಡಂ. ಹಾಕ್ಕೊಳ್ಳಿ, ಟೈಮ್ ಆಗ್ತಿದೆ."

"ಸ್ವಾಮಿ, ಹದಿನೈದು ವರ್ಷ ನಾನು ತಿಂದ ಅನ್ನ ಈ ಥರ್ಮಾಕೋಲ್‌ದು. ಇದು ಸತ್ತಿದೆ. ನಿನ್ನೆ ನೀವೇ ಭಾಷಣ ಮಾಡಿದ್ರಲ್ಲ?"

"ಬೇರೆ ಕೊಡ್ತೀನಿ ಕೊಡಿ ಇಲ್ಲಿ." ಕಿತ್ತುಕೊಂಡು ಬಟ್ಟೆಯ ಗುಂಡಿ ಒತ್ತಿ, ಎಲ್ಲಿ ಇಟ್ಟ ಗೊತ್ತೇ? ಅದೇ ಕಪಾಟಿನಲ್ಲಿ. ನನ್ನ ಹಿಂದೆ ನಮ್ಮ ಬ್ಯಾಚಿನ ಅಂಚೆಯವನೊಬ್ಬ ತನ್ನ ಸರದಿಗೆ ಕೈ ಚಾಚಿ ನಿಂತಿದ್ದ, ಕೋಚ್ ಅದನ್ನೇ ಎತ್ತಿ ಅವನಿಗೆ ಕೊಡಹೋದ!

ಮೈಯೆಲ್ಲ ಉರಿದುಹೋಯಿತು. "ನನ್ನ ತಲೆಗೆ ಆಗದ್ದು ಅವರ ತಲೆಗೆ ಆಗುತ್ತಾ? ಅವರದೇನು ಕಲ್ಲುಗುಂಡಾ? ಪಟ್ಟಿ ಕತ್ತರಿಸಿ ಅದರದ್ದು!"

ಮೂಲೆಯಲ್ಲಿ ಚೈನಿಗೆ ಎಣ್ಣೆ ಹಾಕುತ್ತಿದ್ದ ಶಾಲೆಯ ಮೆಕ್ಯಾನಿಕ್ಕು, ವಯಸ್ಸಾದವರು, ತಲೆ ಎತ್ತದೆ ಹೇಳಿದರು: "ಹೋದ ವಾರದ್ದು ಅದು. ಪಲ್ಟಿ ಹೊಡ್ದವನದ್ದು."

ಅಂಚೆಯವನು ಚಾಚಿದ ಕೈ ಹಿಂದಕ್ಕೆಳೆದುಕೊಂಡ. ಕೋಚ್ ಮೊದಲ ಬಾರಿ ಕಪ್ಪು ಕನ್ನಡಕ ತೆಗೆದ. ಮುಖ ಕೆಂಪಗಾಗಿತ್ತು. ಸುತ್ತ ನೋಡಿದ. ನಮ್ಮ ಬೈಕಿನ ಎಡಗನ್ನಡಿಗೆ ಮಗಳ ಹೆಲ್ಮೆಟ್ ನೇತಾಡುತ್ತಿತ್ತು.

"ತಪಾಸಣೆ ಮಾಡೋರು ತಾನೇ ನೀವು? ಪೂರ್ತಿ ಮಾಡಿ. ಅದರೊಳಗೂ ಕೈ ಹಾಕಿ ನೋಡಿ."

"ಅದು ಒಂದ್ಸಲಾನೂ ಬಿದ್ದಿಲ್ಲ."

"ಬೀಳೋದೇ ಬೇಡ ಮೇಡಂ. ಎಷ್ಟು ದಿನದಿಂದ ಅದನ್ನ ಕನ್ನಡಿಗೆ ಸಿಕ್ಕಿಸ್ತಿದ್ದೀರಾ?"

ಅವನು ಏನು ಹೇಳುತ್ತಿದ್ದಾನೆಂದು ತಲೆಗೆ ಹೋಗುವ ಮೊದಲೇ ನನ್ನ ಹೆಬ್ಬೆರಳು ತಣ್ಣಗಾಯಿತು. ಹೆಲ್ಮೆಟ್ ತೆಗೆದು ಅದರೊಳಗಿನ ಬಟ್ಟೆ ಬಿಚ್ಚಿದೆ. ನೆತ್ತಿಯ ಜಾಗದಲ್ಲಿ, ಕನ್ನಡಿಯ ಅಂಚು ದಿನವೂ ಕೂರುವಲ್ಲಿ, ನಿಂಬೆಹಣ್ಣು ಹಿಡಿಸುವಷ್ಟು ಗುಂಡಿ. ಒಂದೂವರೆ ವರ್ಷ, ಹೆಲ್ಮೆಟ್ಟಿನ ಅಷ್ಟೂ ಭಾರ ಒಂದೇ ಮೊನೆಯ ಮೇಲೆ. ಅವಳಿಲ್ಲದೆ ನಾನೊಬ್ಬಳೇ ಓಡಿಸುವಾಗ ಅದರ ಮೇಲೆ ನಮ್ಮ ದಾರಿಯ ಗುಂಡಿ, ಎಂಜಿನ್ನಿನ ನಡುಕ. ಇಷ್ಟು ತಗ್ಗಿದ್ದರೆ ನಾನು ಫ್ರಿಜ್ಜಿನ ತುಂಡನ್ನೇ ಮುರಿದು ಹಾಕುತ್ತೇನೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಓಡಿಸುವ ಜಾತಿ ನನ್ನದು ಎಂದು ಹನ್ನೊಂದು ಜನರ ಮುಂದೆ ಗೊತ್ತಾಯಿತು.

ಕೋಚ್ ಹತ್ತಿರ ಬಂದ. ದನಿ ಇಳಿಸಿದ, ಅಣ್ಣತಮ್ಮನ ಹಾಗೆ. "ನೋಡಿ, ದೊಡ್ಡದು ಮಾಡೋದು ಬೇಡ. ಅದು ಕಪಾಟಲ್ಲಿರ್ಲಿ, ಇದು ನಿಮ್ಮ ಮಗಳ ತಲೆ ಮೇಲಿರ್ಲಿ. ಮೂರು ರೌಂಡು ಬ್ರೇಕು. ಸಾಯಂಕಾಲ ಐದಕ್ಕೆ ಇಬ್ಬರಿಗೂ ಸರ್ಟಿಫಿಕೇಟು. ನಾನೂ ಏನೂ ನೋಡಿಲ್ಲ, ನೀವೂ ಏನೂ ನೋಡಿಲ್ಲ."

ಮಗಳು ನನ್ನ ತೋಳು ಹಿಡಿದಳು. "ಅಮ್ಮ, ಮೂರೇ ರೌಂಡು. ನಾನು ಬೀಳಲ್ಲ. ನಿನ್ನೆ ನೋಡಿದ್ಯಲ್ಲ ನೀನು? ನಾಳೆ ಒಂಬತ್ತು ಗಂಟೆ ಅಮ್ಮ. ಹೊಸ ಹೆಲ್ಮೆಟ್ ಆಮೇಲೆ ತಗೊಳ್ಳೋಣ."

ಬೀಳುವುದಿಲ್ಲ, ನಿಜ. ಅವಳ ಕೈ ನನ್ನ ಕೈಗಿಂತ ಚೆನ್ನಾಗಿ ಬ್ರೇಕು ಹಿಡಿಯುತ್ತದೆ. ಬಿಳಿ ಗೆರೆ ನೋಡಿದೆ, ಕೆಂಪು ಗೆರೆ ನೋಡಿದೆ. ಮೂರೇ ರೌಂಡು. ಎಂಟು ತಿಂಗಳ ಅಲೆದಾಟ. ಬಾಯಿ ತೆರೆದು 'ಹೂಂ' ಎನ್ನುವುದರಲ್ಲಿದ್ದೆ. ಬೆರಳು ಮಾತ್ರ ಇನ್ನೂ ಆ ಗುಂಡಿಯಲ್ಲೇ ಇತ್ತು.

ಚೀಲದಿಂದ ಕಾರ್ಖಾನೆಯ ಕಟರ್ ತೆಗೆದು ಮಗಳ ಹೆಲ್ಮೆಟ್ಟಿನ ಪಟ್ಟಿ ಕೊಯ್ದೆ. ಎರಡು ಎಳೆತಕ್ಕೆ ಹೋಯಿತು. ಅವಳು ಕಿರುಚಿದಳು. ಹಾಗೇ ಕಪಾಟಿಗೆ ನಡೆದು ಶಾಲೆಯದರ ಪಟ್ಟಿಯನ್ನೂ ಕೊಯ್ದೆ.

"ಶಾಲೆ ಸಾಮಾನು ಅದು!" ಕೋಚ್ ಕೂಗಿದ. "ಗೇಟು ಆ ಕಡೆ ಇದೆ. ನನ್ನ ಹೆಲ್ಮೆಟ್ ಒಂದನ್ನೂ ಮುಟ್ಕೂಡ್ದು ಇನ್ನು. ಸರ್ಟಿಫಿಕೇಟ್ ಅಂತ ಈ ಕಡೆ ತಲೆ ಹಾಕಿದ್ರೆ ನೋಡಿ!"

"ತಲೆ ಹಾಕೋಕೆ ತಲೆ ಉಳೀಬೇಕಲ್ಲಯ್ಯ ನಿನ್ನ ಹತ್ರ!" ಎಂದೆ. ಟೇಪು ಹರಿದು ಜಾಕೆಟ್ಟು ಬಿಚ್ಚಿ ಅವನ ಕಾಲ ಬಳಿ ಹಾಕಿದೆ. ಈ ಸಲ ಯಾರೂ ನಗಲಿಲ್ಲ. ಅಂಚೆಯವನು ಕಪಾಟಿನಿಂದ ತಾನೇ ಬೇರೊಂದು ಹೆಲ್ಮೆಟ್ ಎತ್ತಿಕೊಂಡು, ಅದರ ಬಟ್ಟೆ ಬಿಚ್ಚಿ ಒಳಗೆ ಬೆರಳಾಡಿಸುತ್ತಿದ್ದ. ಅವನನ್ನು ನೋಡಿ ಇನ್ನಿಬ್ಬರು ತಮ್ಮ ಹೆಲ್ಮೆಟ್ಟಿನದನ್ನೂ ಬಿಚ್ಚಿದರು.

ಗೇಟಿನ ಹೊರಗೆ ಬಂದು ಬಲಗನ್ನಡಿಯಿಂದ ನನ್ನ ಹಳೆಯ ಹೆಲ್ಮೆಟ್ ತೆಗೆದೆ. ನೋಡುವ ಅಗತ್ಯವಿರಲಿಲ್ಲ. ಆದರೂ ನೋಡಿದೆ. ಅದರ ಪಟ್ಟಿಯನ್ನೂ ಕೊಯ್ದೆ.

ಮನೆಗೆ ಐದು ಕಿಲೋಮೀಟರು. ಹೆಲ್ಮೆಟ್ ಇಲ್ಲದೆ ಹತ್ತುವಂತಿಲ್ಲ, ನಾನು ಹ್ಯಾಂಡಲ್ ಹಿಡಿದು ತಳ್ಳತೊಡಗಿದೆ. ಮಗಳು ನಾಲ್ಕಾರು ಹೆಜ್ಜೆ ಮುಂದೆ, ಬೆನ್ನು ತೋರಿಸಿಕೊಂಡು. ನಡೆಯುತ್ತಲೇ ಲ್ಯಾಬಿಗೆ ಫೋನು ಮಾಡಿದಳು. ಭಾನುವಾರವಾದರೂ ಯಾರೋ ಎತ್ತಿದರು. "ಹೂಂ ಮೇಡಂ... ಇಲ್ಲ ಮೇಡಂ... ಸರಿ ಮೇಡಂ." ಫೋನು ಜೇಬಿಗಿಟ್ಟಳು.

"ಏನಂದ್ರು?" ಎಂದೆ.

ಅವಳು ತಿರುಗದೆ ನಡೆದಳು. ಒಂದು ಬೀದಿ ದಾಟಿದೆವು. ಪೆಟ್ರೋಲು ತುಂಬಿದ ಬೈಕನ್ನು ತಳ್ಳುವ ಹೆಂಗಸನ್ನು ಜನ ಹೇಗೆ ನೋಡುತ್ತಾರೆ! ಒಬ್ಬ ಸ್ಕೂಟರು ನಿಲ್ಲಿಸಿ, "ಪೆಟ್ರೋಲ್ ಖಾಲೀನಾ?" ಎಂದ. "ಬುದ್ಧಿ ಖಾಲಿ" ಎಂದು ಮಗಳೇ ಹೇಳಿದಳು.

ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಚೂರಿ. "ಸರ್ಟಿಫಿಕೇಟ್ ಸಿಗಲ್ಲ ಅಂದೆ. ಹಾಗಾದ್ರೆ ಕೆಲಸ ಬೇರೆಯವ್ರಿಗಂತೆ. ಮುಂದಿನ ಸಲ ಖಾಲಿಯಾದ್ರೆ ಹೇಳ್ತಾರಂತೆ. ಹದಿನೈದು ವರ್ಷ ಊರೋರ ಫ್ರಿಜ್ಜಿಗೆಲ್ಲ ಹೆಬ್ಬೆರಳು ಒತ್ತಿದ್ಯಲ್ಲ ಅಮ್ಮ, ಮನೇಲಿರೋ ತಲೆಗೆ ಒಂದ್ಸಲ ಒತ್ತಿ ನೋಡೋಕಾಗ್ಲಿಲ್ವಾ? ಎಡಗನ್ನಡಿ ನಿಂದು ಅಂತ ಕಲಿಸ್ದೋಳು ಯಾರು?"

"ನಾನೇ."

"ನಾನೇ ಅಂದ್ಬಿಟ್ರೆ ಆಯ್ತಾ?"

ಆಗಲಿಲ್ಲ. ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಕೋಚಿನ ಮೇಲೆ ಸಿಟ್ಟು ಮಾಡುವುದು ಎಷ್ಟು ಸಲೀಸಾಗಿತ್ತು. ಆ ಸಿಟ್ಟು ಈಗಲೂ ಇದೆ, ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತ್ತು. ಅದಕ್ಕೆ ಯಾವ ಗೇಟು ತೋರಿಸಲಿ?

ನಮ್ಮ ಮನೆಯ ದಾರಿ ಕೊನೆಯ ಅರ್ಧ ಕಿಲೋಮೀಟರು ಏರು. ನಡುವೆ ಬೈಕು ನಿಂತೇಬಿಟ್ಟಿತು. ಹಿಂದಕ್ಕೆ ಜಾರತೊಡಗಿದಾಗ ಬ್ರೇಕು ಅದುಮಿ ಹಿಡಿದು ಏದುಸಿರು ಬಿಟ್ಟೆ. ಬಾಯಿ ಬಿಟ್ಟು ಕರೆಯಲು ಮನಸ್ಸು ಬರಲಿಲ್ಲ.

ಮುಂದಿದ್ದವಳು ನಿಂತಳು. ದಬದಬ ಕೆಳಗಿಳಿದು ಬಂದಳು. ನನ್ನನ್ನು ದಾಟಿ ಬೈಕಿನ ಹಿಂದೆ ಹೋಗಿ ಸೀಟಿಗೆ ಎರಡೂ ಕೈ ಕೊಟ್ಟಳು.

"ಬ್ರೇಕು ಬಿಡು" ಎಂದಳು. "ಮಾತಾಡ್ಬೇಡ. ನಿನ್ನ ಮೇಲೆ ಸಿಟ್ಟು ಇಳಿದಿಲ್ಲ ನಂಗೆ."

ಬಿಟ್ಟೆ. ಬೈಕು ಏರು ಹತ್ತಿತು.