ದೊಡ್ಡ ಹಂಚಿನ ಮರ್ಯಾದೆ

“ಕೆಲಸಕ್ಕ ಮಂದಿ ಸಿಗಂಗಿಲ್ಲ. ಸಿಕ್ಕರ ನಿಲ್ಲಂಗಿಲ್ಲ. ನಿಂತರ ಕಲಿಯಂಗಿಲ್ಲ!”

ಹುಬ್ಬಳ್ಳಿ ಬೆಂಗೇರಿಯ ದಾಕ್ಷಾಯಿಣಿ ದಿನಕ್ಕೊಮ್ಮೆಯಾದರೂ ಈ ಮಾತು ಆಡದೆ ಬಿಟ್ಟವಳಲ್ಲ. ಹಿಟ್ಟಿನ ಗಿರಣಿಯಲ್ಲಿ, ಬೀಗರ ಮುಂದೆ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲಿ ಹೋದರೂ ಅವಳದು ಇದೇ ಗೋಳು. ಕೇಳಿದವರೂ ಹೌದೌದು ಎನ್ನುತ್ತಿದ್ದರು. ಅಂಗಡಿ, ಗ್ಯಾರೇಜು, ಹೊಲಿಗೆ ಕೇಂದ್ರ ನಡೆಸುವವರಿಗೆಲ್ಲ ಇದು ಪರಿಚಯದ ಮಾತೇ.

ದಾಕ್ಷಾಯಿಣಿಯದು ರೊಟ್ಟಿ ಕೇಂದ್ರ, ಅತ್ತೆಯ ಕಾಲದಿಂದ ಬಂದದ್ದು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹನ್ನೊಂದು ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಾರೆ. ಊಟದ ಹೊತ್ತಿಗೆ ಹುಬ್ಬಳ್ಳಿಯ ನಾಲ್ಕು ಖಾನಾವಳಿಗಳಿಗೆ ರೊಟ್ಟಿ ಹೋಗುವುದು ಇಲ್ಲಿಂದಲೇ. ಹತ್ತು ಜನರಿಗೆ ಬಾಗಿಲ ಕಡೆ ಸಣ್ಣ ಗ್ಯಾಸ್ ಒಲೆಗಳು, ಅಲ್ಲಿ ಮೆತ್ತನೆ ರೊಟ್ಟಿ; ಅದು ಸ್ವಲ್ಪ ಸೊಟ್ಟಗಾದರೂ ನಡೆಯುತ್ತದೆ. ಒಳಮೂಲೆಯಲ್ಲಿ ಮಾತ್ರ ಒಂದು ಕಟ್ಟಿಗೆ ಒಲೆ, ಅದರ ಮೇಲೆ ದೊಡ್ಡ ಹಂಚು. ಗರಿಗರಿಯಾದ ಖಡಕ್ ರೊಟ್ಟಿ ಆಗುವುದು ಅಲ್ಲಿ. ಯಾರ ರೊಟ್ಟಿ ಎಲ್ಲರಿಗಿಂತ ದುಂಡಗೆ, ತೆಳ್ಳಗೆ ಬರುತ್ತದೋ ಅವರನ್ನು ಆ ಹಂಚಿನ ಮುಂದೆ ಕೂಡಿಸಬೇಕು. ಇದು ಅತ್ತೆ ಹಾಕಿಕೊಟ್ಟ ಪದ್ಧತಿ. ಅದು ಮರ್ಯಾದೆಯ ಜಾಗ ಎಂದು ದಾಕ್ಷಾಯಿಣಿ ಹಬ್ಬಹುಣ್ಣಿಮೆಗೆ ಆ ಒಲೆಗೆ ಕುಂಕುಮ ಹಚ್ಚುತ್ತಿದ್ದಳು. ಒಂಬತ್ತು ವರ್ಷದಿಂದ ಆ ಮರ್ಯಾದೆ ಹುಲಿಗೆವ್ವನದಾಗಿತ್ತು.

ಒಂದು ಸೋಮವಾರ ಮುಂಜಾನೆ ಒಲೆ ಉರಿಯಿತು, ಹಂಚು ಕಾಯಿತು, ಮುಂದೆ ಕೂಡುವವಳು ಮಾತ್ರ ಬರಲಿಲ್ಲ. ಬಂದವಳು ಅವಳ ಮಗಳು ಸೃಷ್ಟಿ. ಧಾರವಾಡದ ಕಾಲೇಜಿನಲ್ಲಿ ಎಂಬಿಎ ಓದುವ ಹುಡುಗಿ, ಹೆಗಲಿಗೆ ಬ್ಯಾಗು ಹಾಕಿಕೊಂಡೇ ಬಾಗಿಲಲ್ಲಿ ನಿಂತಳು.

“ಆಂಟಿ, ಅವ್ವ ಇನ್ ಮ್ಯಾಲ ಕೆಲಸಕ್ಕ ಬರಂಗಿಲ್ರಿ.”

ದಾಕ್ಷಾಯಿಣಿ ಅಳೆಯುತ್ತಿದ್ದ ಹಿಟ್ಟಿನ ಸೇರು ಕೆಳಗಿಟ್ಟಳು.

“ಬರಂಗಿಲ್ಲ ಅಂದ್ರ? ಆರಾಮ ಇಲ್ಲೇನು?”

“ಬರಂಗಿಲ್ಲ ಅಂತ ಹೇಳಿ ಬಾ ಅಂದಾಳ್ರಿ.”

“ನಾ ಆಕಿಗೆ ಏನ್ ಕಡಿಮಿ ಮಾಡೇನಿ? ವರ್ಷಾ ಪಂಚಮಿಗೆ ಉಡಿ ತುಂಬೇನಿ, ಸೀರಿ ಉಡಿಸೇನಿ, ಮನಿ ಮಗಳಂಗ ಇಟ್ಟುಕೊಂಡೇನಿ!”

ಸೃಷ್ಟಿ ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟಳು.

ಅವತ್ತು ದೊಡ್ಡ ಹಂಚಿಗೆ ಬಾಗಿಲ ಕಡೆ ಒಲೆಯ ಮುತ್ತವ್ವನನ್ನು ಕೂಡಿಸಿದ್ದಾಯಿತು. ಅವಳ ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಮರುದಿನ ಬೇರೊಬ್ಬಳನ್ನು ಕೂಡಿಸಿದರೆ ಅವಳ ರೊಟ್ಟಿಗೆ ಮೂರು ಮೂಲೆ. ಬುಧವಾರ ಮಧ್ಯಾಹ್ನ ರೊಟ್ಟಿ ಸಾಗಿಸುವ ಆಟೋದ ಇಕ್ಬಾಲ ತುಂಬಿದ ಬುಟ್ಟಿಗಳನ್ನು ತುಂಬಿದಂತೆಯೇ ತಂದು ಇಳಿಸಿದ.

“ಅಕ್ಕಾ, ಖಡಕ್ ರೊಟ್ಟಿ ಮೂರು ಖಾನಾವಳಿಯವರು ವಾಪಸ್ ಕಳಿಸ್ಯಾರ. ಈ ವಾರ ಹಿಂಗ ಆದ್ರ ಬ್ಯಾರೆ ಕಡೆ ನೋಡ್ತೇವಿ ಅಂತ ಹೇಳ್ಯಾರ.”

ದಾಕ್ಷಾಯಿಣಿ ಬುಟ್ಟಿಯ ಬಟ್ಟೆ ಸರಿಸಿ ನೋಡಿದಳು. ಅತ್ತೆ ಕಟ್ಟಿದ ಕೇಂದ್ರ ಒಂದು ವಾರದಲ್ಲಿ ಮುಚ್ಚುವ ಹಾಗಾಯಿತಲ್ಲ! ಚಪ್ಪಲಿ ಮೆಟ್ಟಿ ಅದೇ ಆಟೋ ಹತ್ತಿ ಹಳೇ ಹುಬ್ಬಳ್ಳಿಯ ಹುಲಿಗೆವ್ವನ ಮನೆಗೆ ಹೊರಟಳು. ಒಂಬತ್ತು ವರ್ಷದಲ್ಲಿ ಆ ಮನೆಗೆ ಹೋದದ್ದು ಅದೇ ಮೊದಲು. ಮನಿ ಮಗಳು ಅನ್ನುತ್ತಿದ್ದವಳಿಗೆ ಅವಳ ಓಣಿ ಯಾವುದೆಂದು ಇಕ್ಬಾಲನನ್ನು ಕೇಳಬೇಕಾಯಿತು.

ಹುಲಿಗೆವ್ವ ಜಗಲಿಯ ಮೇಲೆ ಕೂತು ಬಲಗೈಗೆ ಎಣ್ಣೆ ಸವರಿಕೊಳ್ಳುತ್ತಿದ್ದಳು. ಮೊಣಕೈತನಕ ಸುಟ್ಟ ಕಲೆಗಳು, ಹಳೆಯವು, ಹೊಸವು, ಒಂದರ ಮೇಲೊಂದು. ಕಣ್ಣೆರಡೂ ಕೆಂಪಗಿದ್ದವು. ದಿನಾ ಎದುರಿಗೇ ಇದ್ದ ಕೈ ಅದು. ದಾಕ್ಷಾಯಿಣಿ ಅದನ್ನು ನೋಡಿದ್ದು ಮಾತ್ರ ಇವತ್ತು.

“ಯವ್ವಾ! ಇಷ್ಟ ಆಗೂಮಟಾ ಯಾಕ ಹೇಳಲಿಲ್ಲ ನೀ?”

“ಹೇಳಿದ್ನೆಲ್ರಿ ಅಕ್ಕಾರ. ಹ್ವಾದ ವರ್ಷ ಪಂಚಮ್ಯಾಗ. ಒಂದೀಟು ದಿನ ಬಾಗಲ ಕಡೆ ಒಲಿಗೆ ಕೂಡಸ್ರಿ ಅಂದ್ನಿ.”

“ನಾ ಏನಂದ್ನಿ?”

“ನಕ್ಕೋತ ಅಂದ್ರಿ, ನೀ ಎದ್ದರ ಕೇಂದ್ರ ಮುಚ್ಚತೈತಿ ಅಂತ.”

ದಾಕ್ಷಾಯಿಣಿಗೆ ನೆನಪಾಯಿತು. ಎಲ್ಲರ ಮುಂದೆ ಅಂದಿದ್ದಳು, ಹೊಗಳಿದೆ ಎಂದುಕೊಂಡೇ ಅಂದಿದ್ದಳು.

ಕಾಲೇಜಿನಿಂದ ಬಂದ ಸೃಷ್ಟಿ ಚಹಾ ತಂದು ಕೊಟ್ಟು ಪಕ್ಕದಲ್ಲೇ ಕೂತಳು.

“ಆಂಟಿ, ನಾ ಓದೋದು ಇದನ್ನ ನೋಡ್ರಿ. ಮಾನವ ಸಂಪನ್ಮೂಲ ನಿರ್ವಹಣೆ. ಎಚ್‌ಆರ್ ಅಂತಾರಲ್ಲ, ಅದು.”

“ಅದು ದೊಡ್ಡ ಕಂಪನಿಯವರಿಗೆ ಬೇಕವ್ವ. ಟೈ ಕಟ್ಟಿಕೊಂಡು ಎಸಿಯಾಗ ಕುಂದರವರಿಗೆ. ಹನ್ನೊಂದು ಮಂದಿ ರೊಟ್ಟಿ ಬಡಿಯೋ ಶೆಡ್ಡಿಗೆ ಎಂಥಾ ಎಚ್‌ಆರ್?”

“ಒಬ್ಬರು ಇನ್ನೊಬ್ಬರ ಕಡೆಯಿಂದ ಕೆಲಸ ತಗೊಳ್ಳೋ ಜಾಗ ಎಲ್ಲಿದ್ರೂ ಅದು ಬೇಕ್ರಿ. ಹಿಟ್ಟು ಹಳಸಿದ್ರ ಮೂಸಿ ನೋಡ್ತೀರಿ, ಹಂಚು ಬಿರುಕು ಬಿಟ್ರ ಬದಲಿ ಮಾಡ್ತೀರಿ. ಮಂದಿಗೆ ಏನಾಗೇತಿ ಅಂತ ಯಾರು ನೋಡಬೇಕು? ಅದನ್ನ ಪದ್ಧತಿ ಪ್ರಕಾರ ನೋಡೋದ ಎಚ್‌ಆರ್.”

“ಮಂದಿಗೆ ಏನೂ ಆಗಿಲ್ಲ, ಕಲಿಯೋ ಮನಸಿಲ್ಲ ಅವರಿಗೆ. ಎರಡು ವರ್ಷ ಆತು ಬಡಕೊಳ್ಳಾಕತ್ತೇನಿ, ಒಬ್ಬಾಕಿಗೂ ದುಂಡನ ರೊಟ್ಟಿ ಬರವಲ್ದು!”

ಸೃಷ್ಟಿ ಕೇಳಿದಳು. “ನಾಳೆ ಒಬ್ಬೊಬ್ಬರ ಜೋಡಿ ಹತ್ತ ಹತ್ತ ನಿಮಿಷ ಮಾತಾಡಲೇನ್ರಿ? ನೀವು ಹೊರಗ ಇರಬೇಕು. ಯಾರು ಏನಂದ್ರು ಅಂತ ನಾ ಹೆಸರು ಹೇಳಂಗಿಲ್ಲ, ನೀವು ಕೇಳಂಗಿಲ್ಲ.”

ತನ್ನದೇ ಶೆಡ್ಡಿನ ಹೊರಗೆ ತಾನೇ ನಿಲ್ಲುವುದೇ! ದಾಕ್ಷಾಯಿಣಿಗೆ ಸಿಟ್ಟು ಬಂತು. ವಾಪಸು ಬಂದ ಬುಟ್ಟಿಗಳು ನೆನಪಾಗಿ ಅದು ಹಾಗೆಯೇ ಇಳಿದೂ ಹೋಯಿತು.

ಗುರುವಾರ ಮುಂಜಾನೆ ಹನ್ನೊಂದರತನಕ ಅವಳು ಹಿತ್ತಲ ಕಟ್ಟೆಯ ಮೇಲೆ ಕೂತು ಮೆಂತ್ಯ ಸೋಸಿದಳು. ಸೋಸಿದ್ದನ್ನೇ ಮತ್ತೆ ಸೋಸಿದಳು. ಕೊನೆಗೆ ಸೃಷ್ಟಿ ಹೊರಗೆ ಬಂದಳು.

“ಏನಂತಾರ? ಹೇಳ ಲಗೂನ.”

“ಆಂಟಿ, ಸಿಟ್ಟಾಗಬ್ಯಾಡ್ರಿ. ಅವರಿಗೆ ರೊಟ್ಟಿ ಬರ್ತೈತ್ರಿ.”

“ಅಂದ್ರ?”

“ದುಂಡಗ ಬರ್ತೈತಿ, ತೆಳ್ಳಗ ಬರ್ತೈತಿ. ಬೇಕಂತನ ಕೆಡಸಾಕತ್ತಾರ. ಛಲೋ ಬಡದ್ರ ದೊಡ್ಡ ಹಂಚಿಗೆ ಕೂಡಸ್ತಾರಂತ ಅಂಜಿಕಿ.”

ದಾಕ್ಷಾಯಿಣಿಗೆ ಕೇಳಿದ್ದು ತಲೆಗೆ ಹೋಗಲಿಲ್ಲ. ಸುಳ್ಳು ಎಂದಳು. ಹತ್ತೂ ಮಂದಿ ಸೇರಿ ಎರಡು ವರ್ಷ ಬೇಕೆಂದೇ ರೊಟ್ಟಿ ಕೆಡಿಸುವುದು ಎಂದರೇನು, ಇದು ಆಗುವ ಮಾತೇ? ಎದ್ದು ದಡದಡ ಒಳಗೆ ನಡೆದಳು. ಮಾತು ನಿಂತುಹೋಯಿತು. ಹತ್ತು ತಲೆಗಳೂ ಕೆಳಗೆ ಬಾಗಿದ್ದವು.

“ಈ ಹುಡಿಗಿ ಹೇಳೋದು ಖರೇನ?”

ಸೃಷ್ಟಿ ಮೆಲ್ಲಗೆ ಅಂದಳು, “ಆಂಟಿ, ಖರೇ ಹೇಳಿದವರಿಗೆ ಇವತ್ತು ಬೈಗುಳಾ ಇಲ್ಲ, ದೊಡ್ಡ ಹಂಚೂ ಇಲ್ಲ ಅಂತ ಮಾತು ಕೊಡ್ರಿ ಮೊದಲ.”

“ಕೊಟ್ಟೆ,” ಎಂದಳು ದಾಕ್ಷಾಯಿಣಿ.

ಮುತ್ತವ್ವ ಹಿಟ್ಟಿನ ಉಂಡೆ ಎತ್ತಿಕೊಂಡಳು. ಕೈ ಬಡಿಯಿತು, ಹಲಗೆಯ ಮೇಲೆ ರೊಟ್ಟಿ ತಿರುಗಿತು, ತಿರುಗುತ್ತ ಬೆಳೆಯಿತು. ನೋಡನೋಡುತ್ತಿದ್ದಂತೆ ಬಳೆಯಂತೆ ದುಂಡಗೆ, ಎಲ್ಲೂ ಒಡೆಯದೆ, ಒಂದೇ ಸಮ ತೆಳ್ಳಗೆ ಹರಡಿಕೊಂಡಿತು. ಹುಲಿಗೆವ್ವನ ರೊಟ್ಟಿಗೂ ಅದಕ್ಕೂ ವ್ಯತ್ಯಾಸ ಹುಡುಕಿದರೂ ಸಿಗುವಂತಿರಲಿಲ್ಲ. ಪಕ್ಕದವಳು ಇನ್ನೊಂದು ಬಡಿದಳು. ಆಚೆಯವಳು ಮತ್ತೊಂದು. ದಾಕ್ಷಾಯಿಣಿ ಒಂದೊಂದರ ಅಂಚನ್ನೂ ಬೆರಳಿನಿಂದ ಮುಟ್ಟಿ ನೋಡಿದಳು.

“ಎರಡು ವರ್ಷ ನನ್ನ ಕಣ್ಣಿಗೆ ಮಣ್ಣು ಹಾಕಿದ್ರೆಲ್ಲ ನೀವು!”

ಮುತ್ತವ್ವನ ಕಣ್ಣಲ್ಲಿ ನೀರು ಬಂತು. “ಹುಲಿಗೆವ್ವಕ್ಕಗ ಏನ್ ಸಿಕ್ತು ಅಂತ ನೋಡೇವಲ್ರಿ ಅಕ್ಕಾರ. ಎಲ್ಲಾರಕಿಂತ ಛಲೋ ಮಾಡಾಕಿ, ಎಲ್ಲಾರಕಿಂತ ಕಡೀಕ ಮನಿಗೆ ಹೋಗ್ತಿದ್ಲು. ಹಬ್ಬಕ್ಕೂ ಸೂಟಿ ಇಲ್ಲ. ಎದ್ದು ನೀರು ಕುಡ್ಯಾಕೂ ಪುರಸೊತ್ತಿಲ್ಲ. ಅಂಥಾ ಮರ್ಯಾದಿ ನಮಗ ಬ್ಯಾಡಾಗಿತ್ರಿ.”

ದಾಕ್ಷಾಯಿಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಮೂಲೆಗೆ ನಡೆದು ದೊಡ್ಡ ಹಂಚಿನ ಮುಂದೆ ತಾನೇ ಕೂತಳು. ಕೇಂದ್ರ ಕೈಗೆ ಬಂದು ಇಷ್ಟು ವರ್ಷವಾದರೂ ಅವಳು ಅಲ್ಲಿ ಒಂದು ದಿನವೂ ಕೂತವಳಲ್ಲ. ಮೂಲೆಗೆ ಕಿಟಕಿಯಿಲ್ಲ ಎಂಬುದು ಕೂತ ಮೇಲೆ ತಿಳಿಯಿತು. ಮೊದಲ ರೊಟ್ಟಿಗೆ ಕಣ್ಣು ಉರಿಯಿತು. ನಾಲ್ಕನೆಯದಕ್ಕೆ ಮೊಣಕೈ ಹಂಚಿಗೆ ತಾಗಿ ಚುರ್ ಎಂದಿತು. ಹತ್ತನೆಯದು ಮುಗಿಯುವಷ್ಟರಲ್ಲಿ ಕೆಮ್ಮು ಹತ್ತಿ ಎದ್ದು ಹೊರಗೆ ಓಡಿದಳು. ಅರ್ಧ ತಾಸೂ ಆಗಿರಲಿಲ್ಲ.

“ನಾ ಇದನ್ನ ಮರ್ಯಾದಿ ಅಂತಿದ್ನೆಲ್ಲ, ಸೃಷ್ಟಿ,” ಎಂದಳು. ಕಣ್ಣೀರು ಹೊಗೆಯದೋ ಬೇರೆಯದೋ, ಅವಳು ಒರೆಸಿಕೊಳ್ಳಲಿಲ್ಲ. “ಇನ್ನ ಏನ್ ಮಾಡಬೇಕು, ಹೇಳು.”

ಸೃಷ್ಟಿ ಹೇಳಿದ್ದರಲ್ಲಿ ಸುಲಭವಾದದ್ದು ಮರುದಿನವೇ ಆಯಿತು. ಶುಕ್ರವಾರ ಬೆಳಿಗ್ಗೆ ಇಕ್ಬಾಲನೇ ಒಬ್ಬ ವೆಲ್ಡರನನ್ನು ಕರೆತಂದ. ತಗಡು ಕತ್ತರಿಸಿ ಕಿಟಕಿ ಬಿಟ್ಟು, ಹೊಗೆಗೆ ಕೊಳವೆ ಕೂರಿಸಿದರು. ದೊಡ್ಡ ಹಂಚು ಇನ್ನು ಎಲ್ಲರ ಪಾಳಿ. ಯಾರಿಗೂ ವಾರಕ್ಕೆ ಒಂದು ದಿನಕ್ಕಿಂತ ಹೆಚ್ಚಿಲ್ಲ. ವಾರದ ಸೂಟಿ ಯಾರಿಗೆ ಯಾವಾಗ, ಎಷ್ಟು ಹೊತ್ತಿಗೆ ಮನೆಗೆ ಹೋಗುವುದು, ಯಾರ ಕೆಲಸ ಎಲ್ಲಿಗೆ ಮುಗಿಯುತ್ತದೆ, ಎಲ್ಲವನ್ನೂ ಬರೆದು ಗೋಡೆಗೆ ಹಚ್ಚಬೇಕು ಎಂದಾಗ ಮಾತ್ರ ದಾಕ್ಷಾಯಿಣಿ ಮತ್ತೆ ಕೊಸರಿದಳು.

“ಬರದು ಹಚ್ಚಿದ್ರ ಮನಿಯಂಗ ಇರಂಗಿಲ್ಲ ಬಿಡು.”

“ಬರೀಲಾರದ್ದಕ್ಕನ ಅವ್ವ ಒಂಬತ್ತು ವರ್ಷ ಒಂದ ಮೂಲ್ಯಾಗ ಕುಂತ್ಲಲ್ರಿ. ಗೋಡಿ ಮ್ಯಾಲ ಇದ್ರ ಯಾರೂ ಬೇಡಿಕೊಳ್ಳಬೇಕಾಗಿಲ್ಲ.”

ದಾಕ್ಷಾಯಿಣಿ ಹಾಳೆ, ಪೆನ್ನು ತಂದುಕೊಟ್ಟಳು. ಎಲ್ಲಕ್ಕಿಂತ ಕಷ್ಟವಾದದ್ದು ಶನಿವಾರದ ಚಹಾ. ಎಲ್ಲರೂ ಸುತ್ತ ಕೂತು ತಮ್ಮ ತಮ್ಮ ತೊಂದರೆ ಹೇಳಬೇಕು, ಒಡತಿ ಕೊನೆಗೆ ಮಾತಾಡಬೇಕು. ತಪ್ಪಿದ್ದರೆ ಬೇರೆ ಕರೆದು ಹೇಳಬೇಕು, ಒಳ್ಳೆಯದಿದ್ದರೆ ಎಲ್ಲರ ಮುಂದೆ. ಮೊದಲ ಶನಿವಾರ ದಾಕ್ಷಾಯಿಣಿ ತುಟಿ ಕಚ್ಚಿಕೊಂಡೇ ಕೂತಿದ್ದಳಂತೆ. ಅವಳ ಮಟ್ಟಿಗೆ ಅದೂ ದೊಡ್ಡ ಹಂಚೇ ಅನ್ನಿ.

ಖಾನಾವಳಿಗಳಿಂದ ಬುಟ್ಟಿಗಳು ಖಾಲಿಯಾಗಿ ಬರತೊಡಗಿದವು. ಆದರೆ ಹುಲಿಗೆವ್ವ ಬರಲಿಲ್ಲ. ದಾಕ್ಷಾಯಿಣಿ ಮತ್ತೆ ಹಳೇ ಹುಬ್ಬಳ್ಳಿಗೆ ಹೋದಳು. ಈ ಸಲ ಓಣಿ ಯಾರನ್ನೂ ಕೇಳಲಿಲ್ಲ. ಸೀರೆಯನ್ನೂ ಒಯ್ದಿರಲಿಲ್ಲ. ಒಯ್ದದ್ದು ಗೋಡೆಗೆ ಹಚ್ಚಿದ ಹಾಳೆಯ ಒಂದು ಪ್ರತಿ.

“ತಪ್ಪು ನಂದು, ಹುಲಿಗೆವ್ವ. ನೀ ಹೇಳಿದಾಗ ನಾ ನಕ್ಕೆ. ಇದನ್ನ ಓದಿಸಿ ನೋಡು. ಒಪ್ಪಿಗಿ ಆದ್ರ ಬಾ, ಇಲ್ಲಾಂದ್ರ ನಾ ಬ್ಯಾಸರ ಮಾಡಿಕೊಳ್ಳಂಗಿಲ್ಲ.”

ಸೃಷ್ಟಿ ಓದಿದಳು. ಹುಲಿಗೆವ್ವ ತನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ಬಾಗಿಲ ಕಡೆಯ ಮೊದಲ ಒಲೆಯ ಮುಂದೆ ಇತ್ತು. ದೊಡ್ಡ ಹಂಚಿನ ಪಾಳಿಯಲ್ಲಿ ಕೈ ಮಾಯುವತನಕ ಅವಳ ಹೆಸರಿರಲಿಲ್ಲ. ಅವಳ ಪಾಳಿಯ ದಿನಕ್ಕೆ ಬೇರೊಂದು ಹೆಸರು ಬರೆದಿತ್ತು.

“ಇದ್ಯಾರು?”

“ನಾನ,” ಎಂದಳು ದಾಕ್ಷಾಯಿಣಿ.

ಹುಲಿಗೆವ್ವ ಒಡತಿಯ ಕೈ ಹಿಡಿದು ತಿರುಗಿಸಿದಳು. ಮೊಣಕೈ ಹತ್ತಿರ ಹೊಸ ಸುಟ್ಟ ಗಾಯವೊಂದು ಇನ್ನೂ ಹಸಿಯಾಗಿತ್ತು. ತನ್ನ ಕೈಗೆ ಹಚ್ಚಿ ಬಟ್ಟಲಲ್ಲಿ ಉಳಿದಿದ್ದ ಎಣ್ಣೆಯನ್ನು ಅದಕ್ಕೆ ಸವರಿದಳು. ಸೋಮವಾರ ಬರುತ್ತೇನೆ ಎಂದಳು.

ಓದುಗರೇ, ಮಹಿಳಾ ಸಂಘಗಳ ಅಕ್ಕತಂಗಿಯರೇ, ನಿಮ್ಮ ಕೈಕೆಳಗೆ ಇಬ್ಬರಿರಲಿ, ಇಪ್ಪತ್ತು ಮಂದಿ ಇರಲಿ, ಮಂದಿ ಕಲಿಯುವುದಿಲ್ಲ ಎನ್ನುವ ಮುಂಚೆ ಒಂದು ಕೆಲಸ ಮಾಡಿ. ಚೆನ್ನಾಗಿ ಕೆಲಸ ಮಾಡಿದವರಿಗೆ ನಿಮ್ಮಲ್ಲಿ ಏನು ಸಿಗುತ್ತಿದೆ ಎಂದು ಅವರನ್ನೇ ಕೇಳಿ, ನಡುವೆ ಬಾಯಿ ಹಾಕದೆ ಕೇಳಿ. ಕೇಳಿದ್ದನ್ನು ಬರೆದು ಗೋಡೆಗೆ ಹಚ್ಚಿ, ಹಚ್ಚಿದ ಹಾಗೆ ನಡೆಯಿರಿ. ನಿಮ್ಮ ಅಂಗಡಿಯಲ್ಲೂ ಒಂದು ದೊಡ್ಡ ಹಂಚು ಇದ್ದೇ ಇರುತ್ತದೆ. ಅದು ಯಾವುದು ಎಂದು ಅವರನ್ನೇ ಕೇಳಿಕೊಂಡು, ನಾಳೆ ಮುಂಜಾನೆ ಅರ್ಧ ತಾಸು ಅದರ ಮುಂದೆ ನೀವೇ ಕೂತು ನೋಡಿ.