ಮೂವತ್ತೊಂದು ಜನ

ಪ್ರದರ್ಶನಕ್ಕೆ ನಿಲ್ಲಿಸಿದ್ದ ಹಳೆಯ ವಿಮಾನದ ಮುಂದಿನ ಬೋರ್ಡಿಗೆ ಹೊದಿಸಿದ್ದ ಬಟ್ಟೆಯ ಅಂಚೆತ್ತಿ ಇಣುಕಿದ ಮಾಜಿ ಸೈನಿಕ ತಕ್ಕಡಿ, ಕೈ ಸುಟ್ಟವನಂತೆ ಬಟ್ಟೆ ಬಿಟ್ಟುಬಿಟ್ಟ. ‘ಪ್ರವಾಹದ ದಿನ ಒಂದೇ ಹಾರಾಟದಲ್ಲಿ ಇಪ್ಪತ್ತನಾಲ್ಕು ಜನರನ್ನು ಉಳಿಸಿದ ವಿಮಾನ’ ಎಂದು ಬರೆದಿತ್ತು. ಇನ್ನರ್ಧ ಗಂಟೆಗೆ ಎಲ್ಲರೆದುರು ಆ ಬಟ್ಟೆ ಸರಿಸಬೇಕಾದವನು ಅವನೇ. ನಲವತ್ತೊಂದು ವರ್ಷದ ಹಿಂದೆ ಇಪ್ಪತ್ತನಾಲ್ಕು ಎಂದು ಕಾಗದದಲ್ಲಿ ಬರೆದುಕೊಟ್ಟವನೂ ಅವನೇ, ಸುಳ್ಳೆಂದು ಗೊತ್ತಿದ್ದೂ.

ಸೇನೆಯಲ್ಲಿ ಅವನ ಕೆಲಸ ವಿಮಾನಕ್ಕೆ ಭಾರ ತುಂಬುವುದು. ಗುಡ್ಡದ ನೆತ್ತಿಯ ಠಾಣ್ಯಗಳಲ್ಲಿ ತೂಕದ ಯಂತ್ರ ಎಲ್ಲಿಂದ ಬರಬೇಕು? ಮೂಟೆಯನ್ನೊಮ್ಮೆ ಅಲುಗಿಸಿ, ಮನುಷ್ಯನನ್ನೊಮ್ಮೆ ಅಡಿಯಿಂದ ಮುಡಿವರೆಗೆ ನೋಡಿ ತೂಕ ಹೇಳುತ್ತಿದ್ದ. ಅದಕ್ಕೇ ಆ ಹೆಸರು. ಹೆಂಡತಿಯ ತೂಕವನ್ನು ಮಾತ್ರ ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ. ಅಷ್ಟರ ಮಟ್ಟಿಗೆ ಜಾಣ.

ವಿಮಾನಕ್ಕೂ ಅಡ್ಡಹೆಸರಿತ್ತು: ಮಿಡತೆ. ಚೆಲುವೆ ಅನ್ನುವ ಹಾಗಿರಲಿಲ್ಲ. ದಪ್ಪ ಹೊಟ್ಟೆ, ಎತ್ತಿದ ಬಾಲ, ರೆಕ್ಕೆಯ ಮೇಲೆ ತಿರುಗುವ ಎರಡೇ ಪಂಖ. ಆದರೆ ಬೇರೆ ವಿಮಾನಗಳಿಗೆ ಮೈಲುಗಟ್ಟಲೆ ಡಾಂಬರು ಬೇಕಾದರೆ ಇದಕ್ಕೆ ಕಲ್ಲು ಆಯ್ದ ಒಂದು ಹೊಲ ಸಾಕಿತ್ತು. ಕೆಸರಿರಲಿ, ಗಾಳಿಯಿರಲಿ, ನಾಲ್ಕು ಹೆಜ್ಜೆ ಓಡಿ ಚಂಗನೆ ನೆಗೆಯುತ್ತಿತ್ತು. ಅದರಲ್ಲಿ ಹಾರಿದವರು ಅದನ್ನು ಹೊಗಳುವಾಗ ಈಗಲೂ ಸ್ವಂತ ಮಗಳ ಬಗ್ಗೆ ಹೇಳಿದಂತೆ ದನಿ ತಗ್ಗಿಸುತ್ತಾರೆ.

ಪ್ರವಾಹದ ದಿನ ಹೊಳೆಬದಿಯ ಓಡುದಾರಿಯ ಅರ್ಧ ನೀರಿನಲ್ಲಿತ್ತು. ಉಳಿದರ್ಧದಿಂದ ಏಳಬೇಕಾದರೆ ಇಪ್ಪತ್ತನಾಲ್ಕಕ್ಕಿಂತ ಒಬ್ಬರೂ ಹೆಚ್ಚಿರಬಾರದು. ತಕ್ಕಡಿ ಇಪ್ಪತ್ತನಾಲ್ಕು ಎಣಿಸಿ ಕೈ ಅಡ್ಡ ಹಿಡಿದ. ಹೊರಗೆ ಏಳು ಜನ ಉಳಿದಿದ್ದರು. ಒಬ್ಬಳು ಅಳಲಿಲ್ಲ, ಬೇಡಲಿಲ್ಲ, ಮಗುವನ್ನಷ್ಟೇ ಒಳಕ್ಕೆ ಚಾಚಿದಳು. ಅವನು ಕೈ ತೆಗೆದುಬಿಟ್ಟ. ಏಳೂ ಜನ ಹತ್ತಿದರು. ಕಾಗದದಲ್ಲಿ ಮಾತ್ರ ಇಪ್ಪತ್ತನಾಲ್ಕೇ ಉಳಿಯಿತು, ಪೈಲಟ್ ಸಾಹೇಬರು ಅದಕ್ಕೆ ಸಹಿ ಹಾಕಿದರು. ಮಿಡತೆ ಏಳುವಾಗ ಚಕ್ರಕ್ಕೆ ಮರದ ರೆಂಬೆ ತಾಗಿದ ಸದ್ದು ಅವನ ಕಿವಿಯಿಂದ ಇನ್ನೂ ಹೋಗಿಲ್ಲ. ತನ್ನನ್ನು ನಂಬಿದವರಿಗೆ ಸುಳ್ಳು ಹೇಳಿದೆನೆಂಬ ಸಂಕಟವೂ ಹೋಗಿಲ್ಲ. ಆ ನಾಚಿಕೆಗೇ ಅವನು ಇಷ್ಟು ವರ್ಷ ಸಾಹೇಬರ ಮನೆಯ ಕಡೆ ತಲೆ ಹಾಕಿರಲಿಲ್ಲ.

ಮನೆಯಲ್ಲಿ ಹೆಂಡತಿ, ಈಗ ಅದನ್ನೆಲ್ಲ ಯಾರು ಕೆದಕುತ್ತಾರೆ, ಸುಮ್ಮನೆ ಬಟ್ಟೆ ಸರಿಸಿ ಬನ್ನಿ ಎಂದಿದ್ದಳು. ಆದರೆ ಬೋರ್ಡು ಓದಿದ ಮೇಲೆ ಅವನನ್ನು ಕಾಡಿದ್ದು ಆ ಏಳು ಜನ. ಬದುಕಿದವರನ್ನು ಬದುಕಲೇ ಇಲ್ಲ ಎಂದಂತಾಗುತ್ತದಲ್ಲ.

ಸಾಹೇಬರು ಕೋಲೂರಿಕೊಂಡು ಒಬ್ಬರೇ ವಿಮಾನದ ಹೊಟ್ಟೆಯ ಕೆಳಗೆ ನಿಂತಿದ್ದರು. ವಯಸ್ಸು ಎಂಬತ್ತು ದಾಟಿದ್ದರೂ ಬೂಟಿನ ಹೊಳಪು ಹಾಗೇ ಇತ್ತು. ತಕ್ಕಡಿ ಹೋಗಿ ಎದುರಿಗೆ ನಿಂತ.

“ಸರ್, ಬೋರ್ಡಲ್ಲಿರೋದು ತಪ್ಪು. ಆವತ್ತು ಮೂವತ್ತೊಂದು ಜನ ಇದ್ರು. ನಾನೇ ಸುಳ್ಳು ಬರೆದೆ. ನಿಮ್ಮ ಜೀವಾನೂ ಪಣಕ್ಕಿಟ್ಟೆ.”

ಸಾಹೇಬರು ಕಷ್ಟಪಟ್ಟು ಬಗ್ಗಿ, ಚಕ್ರದ ಕಾಲಿನಲ್ಲಿ ಹೊಳೆಯುವ ಉಕ್ಕಿನ ಭಾಗವನ್ನು ಕೋಲಿನಿಂದ ಮುಟ್ಟಿ ತೋರಿಸಿದರು. ಭಾರ ಹೆಚ್ಚಿದಷ್ಟೂ ಅದು ಒಳಕ್ಕೆ ಇಳಿಯುತ್ತದೆ. ಹೊರಡುವ ಮುನ್ನ ವಿಮಾನಕ್ಕೆ ಸುತ್ತು ಬರುವಾಗ ಅಲ್ಲಿ ಬೆರಳಿಟ್ಟು ನೋಡುವುದು ಅವರ ರೂಢಿ.

“ತುಂಬಿದ ವಿಮಾನಕ್ಕೆ ಇದು ನಾಲ್ಕು ಬೆರಳಗಲ ಹೊರಗೆ ಕಾಣ್ಬೇಕು ಕಣಯ್ಯ. ಆವತ್ತು ಎರಡೇ ಇತ್ತು.”

ತಕ್ಕಡಿ ಉಕ್ಕಿನಿಂದ ಅವರ ಮುಖಕ್ಕೆ ಕಣ್ಣೆತ್ತಿದ. “ಗೊತ್ತಿದ್ದೂ ಸಹಿ ಹಾಕಿದ್ರಾ?”

“ಕೇಳಿದ್ರೆ ನೀನು ನಿಜ ಹೇಳ್ಬೇಕಾಗಿತ್ತು. ನಿಜ ಹೇಳಿದ್ರೆ ನಾನು ಏಳು ಜನನ್ನ ಇಳಿಸ್ಬೇಕಾಗಿತ್ತು.” ಸಾಹೇಬರು ವಿಮಾನದ ಹೊಟ್ಟೆಯನ್ನು ಅಂಗೈಯಿಂದ ತಟ್ಟಿದರು. “ಇವಳು ಎತ್ತುತಾಳೆ ಅನ್ನೋ ಧೈರ್ಯ ಇತ್ತು. ನಿನ್ನ ನೋಡೋಕೆ ಮಾತ್ರ ನನಗೆ ಮುಖ ಇರ್ಲಿಲ್ಲ. ಗೊತ್ತಿಲ್ಲದವನ ಹಾಗೆ ನಟಿಸಿ ಭಾರ ಎಲ್ಲ ನಿನ್ನ ಮೇಲೇ ಬಿಟ್ಟೆ.”

ಆಮೇಲೆ ಬೋರ್ಡು ಬರೆಯುವವನನ್ನು ಕೂಗಿ ಕರೆದು, ಸಂಖ್ಯೆ ತಿದ್ದಬೇಕು, ಈಗಲೇ, ಜನ ಕಾಯಲಿ ಎಂದರು. ಅವನು ಗೊಣಗುತ್ತಾ ಬಿಳಿ ಬಣ್ಣದ ಡಬ್ಬಿ ತರಲು ಹೋದ.

ತಕ್ಕಡಿ ಮೊಣಕಾಲೂರಿ ಕೂತು ಚಕ್ರದ ಕಾಲಿಗೆ ಕೈ ಇಟ್ಟ. ಎಂಜಿನ್ ಬಿಚ್ಚಿದ, ಹೊಟ್ಟೆ ಬರಿದಾದ ವಿಮಾನ. ನಾಲ್ಕು ಬೆರಳು ಕೂತ ಮೇಲೂ ಇನ್ನಷ್ಟು ಉಕ್ಕು ಹೊರಗುಳಿದು ಹೊಳೆಯುತ್ತಲೇ ಇತ್ತು. ಅವನು ಎರಡನೆಯ ಕೈಯನ್ನೂ ಅದರ ಮೇಲಿಟ್ಟ.