ಐದು ಗೇಣಿನ ಕಾಲುವೆ

ಸತ್ತೆಪ್ಪ ತನ್ನ ಅಕ್ಕನ ಬಲ ಮೊಣಕಾಲಿನ ಮೇಲೆ ಎರಡೂ ಅಂಗೈಯಿಟ್ಟು ಮೈಭಾರ ಹಾಕುವಷ್ಟರಲ್ಲಿ ಅಕ್ಕನ ಮೊಮ್ಮಗಳು ಕಾಜಲ್ ಅವನ ರಟ್ಟೆ ಹಿಡಿದಳು.

“ಬಿಡ ಅಜ್ಜಾ. ಮುರೀತೈತಿ.”

“ಸತ್ತಾಕಿಗೆ ಏನ್ ನೋವ, ಹುಚ್ಚಿ? ಚಕ್ಕಳಮಕ್ಕಳ ಹಾಕಸಲಿಲ್ಲಂದ್ರ ಕುಣ್ಯಾಗ ಹೆಂಗ ಕುಂಡ್ರಸೂದು?”

ನಾಗನೂರಿನ ಆ ಪಡಸಾಲೆಯಲ್ಲಿ ಭರಮವ್ವ ಹಣೆತುಂಬ ವಿಭೂತಿ ಧರಿಸಿ ಗೋಡೆಗೆ ಒರಗಿ ಕೂತಿದ್ದಳು. ಎಡಗಾಲು ಮಡಚಿತ್ತು. ಬಲಗಾಲು ಮಾತ್ರ ಹನ್ನೊಂದು ವರ್ಷದಿಂದ ಇದ್ದ ಹಾಗೇ ಬಾಗಿಲ ಕಡೆ ಚಾಚಿತ್ತು. ಬಂದವರು ಅದನ್ನು ದಾಟದೆ ಬಳಸಿಕೊಂಡು ಹೋಗುತ್ತಿದ್ದರು, ಆಕೆ ಬದುಕಿದ್ದಾಗ ಹೋಗುತ್ತಿದ್ದ ಹಾಗೆಯೇ.

“ಗೋಕಾಕದಾಗ ಎಲುಬಿನ ಡಾಕ್ಟರ್ ಕೈಯಾಗ ಕೆಲಸಾ ಮಾಡಾಕಿ ನೀ. ಮ್ಯಾಲ ಚೀನಾ ಸೂಜಿ ಬ್ಯಾರೆ ಕಲತಿ. ಜೀವ ಇದ್ದಾಗ ಬಗ್ಗಸಲಿಲ್ಲ, ಈಗ ನನಗ ಬ್ಯಾಡಂತಿ!”

“ಬಗ್ಗಸಾಕಲ್ಲ, ನೋವಿಗೆ ಚುಚ್ಚತಿದ್ನಿ,” ಎನ್ನುತ್ತ ಕಾಜಲ್ ತನ್ನ ತಂದೆ ಹನಮಂತನ ಕಡೆ ತಿರುಗಿದಳು. “ಅಪ್ಪಾ, ನಾ ಆಯಿಗೆ ಮಾತ ಕೊಟ್ಟೇನಿ.”

ಹನಮಂತ ತಾಯಿಯ ಹಿಮ್ಮಡಿಯನ್ನೇ ನೋಡುತ್ತಿದ್ದ.

*

ಭರಮವ್ವ ಬದುಕಿದ್ದಾಗ ಭಾನುವಾರ ಬಂತೆಂದರೆ ಊಟವಾದ ಮೇಲೆ ಡಾಕ್ಟರ ಗುಳಿಗೆ. ಟವೆಲ್ ಸುರುಳಿಯ ಮೇಲೆ ಕಾಲಿಟ್ಟು ವ್ಯಾಯಾಮ. ಆಮೇಲೆ ಮೊಣಕಾಲಿನ ಸುತ್ತ ಎಂಟು ಸೂಜಿ. ಕೊನೆಗೆ ಕಾಜಲ್ ಒಣಸೊಪ್ಪಿನ ಬತ್ತಿ ಹೊತ್ತಿಸಿ, ಚರ್ಮಕ್ಕೆ ತಾಗದಂತೆ ಶಾಖ ಕೊಡುತ್ತಿದ್ದಳು.

“ಇದು ಮಾಚಿಪತ್ರಿ ವಾಸನಿ ಅಲ್ಲೇನ?”

“ಅದರ ತಂಗಿ, ಆಯಿ.”

“ಅಯ್ಯ ನಮ್ಮವ್ವಾ, ಚೀನಾಕ್ಕ ಕೊಟ್ಟಾರೇನ ಆಕಿನ್ನ!”

ಹೊಗೆ ತೊಲೆ ಮುಟ್ಟುವ ಮೊದಲೇ ಮುದುಕಿ ಕಣ್ಣುಮುಚ್ಚುತ್ತಿದ್ದಳು. ಇಪ್ಪತ್ತು ನಿಮಿಷ. ಅಷ್ಟರಲ್ಲಿ ಕನಸಿನಲ್ಲೇ ಅರಭಾವಿ ದಾಟಿ, ಕಬ್ಬಿನ ಹೊಲ ದಾಟಿ, ಹೊಳೆಯವರೆಗೂ ನಡೆದುಹೋಗಿರುತ್ತಿದ್ದಳು.

“ಕಲ್ಲ ಮ್ಯಾಲ ಕುಂತ ಕಾಲ ನೀರಾಗ ಬಿಟ್ಟಿದ್ನಿ. ಮೀನ ಬಂದ ಹಿಮ್ಮಡಾ ಮುತ್ತಿದ್ವು.”

ಎದ್ದವಳೇ ಸೆರಗಿನಿಂದ ಹಿಮ್ಮಡಿ ಒರೆಸಿಕೊಳ್ಳುತ್ತಿದ್ದಳು.

ಒಮ್ಮೆ ಹುಕ್ಕೇರಿ ಕಡೆಯ ನಾಟಿ ವೈದ್ಯನೊಬ್ಬ ಆ ಕಾಲನ್ನು ಒತ್ತಿ ಬಗ್ಗಿಸಲು ಹೋಗಿದ್ದ. ಆಕೆಯ ಕೂಗು ಕೇಳಿ ಕೊಟ್ಟಿಗೆಯ ಎಮ್ಮೆ ಹಗ್ಗ ಹರಿದುಕೊಂಡಿತ್ತು. ಅವತ್ತೇ ಮೊಮ್ಮಗಳ ಕೈ ಹಿಡಿದು ಅಂದಿದ್ದಳು: “ಸತ್ತ ಮ್ಯಾಲೂ ಯಾರಿಗೂ ಒತ್ತಗೊಡಬ್ಯಾಡ.”

*

ಕುಣಿ ತೋಡುವ ಮಾಯಪ್ಪ ಕೆಸರುಗಾಲಲ್ಲಿ ಅಂಗಳಕ್ಕೆ ಬಂದ. “ಕುಣಿ ಆತ್ರಿ.”

“ಒಂದ ಬಾಜೂಕ ಕಾಲಿವಿ ತಗಿ, ಮಾಯಪ್ಪಾ,” ಹನಮಂತ ಮೊದಲ ಬಾರಿ ಬಾಯಿ ಬಿಟ್ಟ. “ಅವ್ವನ ಕಾಲ ಹಿಡಿಯೂವಷ್ಟ.”

“ಮಂದಿ ನಗತಾರೋ!” ಅಂದ ಸತ್ತೆಪ್ಪ.

“ನಗಲಿ ಮಾಮಾ.”

“ಎಷ್ಟ ಉದ್ದರಿ?” ಮಾಯಪ್ಪ ಕೇಳಿದ.

“ಆಯಿ ಗೇಣಲೆ ಐದ,” ಅಂದಳು ಕಾಜಲ್. ಸೂಜಿಯ ಜಾಗ ಹುಡುಕುವುದು ಆಯಾ ರೋಗಿಯ ಬೆರಳ ಅಳತೆಯಿಂದಲೇ. ಆ ಕಾಲು ಅವಳಿಗೆ ಬಾಯಿಪಾಠ.

“ಆಯಿ ಗೇಣ ನನಗೇನ ಗೊತ್ತವಾ?”

ಕಾಜಲ್ ತನ್ನ ಕೈ ಅಗಲಿಸಿ ತೋರಿಸಿದಳು. “ನಂದೂ ಅಷ್ಟ ಐತಿ, ಕಾಕಾ.”

ಮಾಯಪ್ಪ ಸಲಿಕೆಯ ಹಿಡಿಯ ಮೇಲೆ ಅವಳಿಂದಲೇ ಐದು ಗೇಣು ಹಾಕಿಸಿಕೊಂಡು ಹೋದ.

ಕುಣಿ ತೋಡಿದ್ದ ಹೊಲ ನೀರಾವರಿಯ ಕಾಲುವೆಗೆ ಹತ್ತಿಕೊಂಡಿತ್ತು. ಭರಮವ್ವನನ್ನು ಇಳಿಸಿ ಕೂಡಿಸಿದಾಗ ಬಲಗಾಲನ್ನು ಬೊಗಸೆಯಲ್ಲಿ ಹಿಡಿದು ಜಾಗಕ್ಕಿಟ್ಟವನು ಸತ್ತೆಪ್ಪನೇ. ತೋಡಿದ ಮಣ್ಣಿನಿಂದ ಸಣ್ಣಗೆ ನೀರು ಜಿನುಗಿ ಹಿಮ್ಮಡಿಯ ಸುತ್ತ ನಿಂತಿತು. ಅವನು ಹೆಗಲ ಟವೆಲ್ ತೆಗೆದು ಒರೆಸಲು ಬಾಗಿದ.

“ಒರಸಬ್ಯಾಡ, ಅಜ್ಜಾ.”

ಕಾಜಲ್ ಹಾಕಿದ್ದ ಮಾಚಿಪತ್ರೆಯ ಎಸಳೊಂದು ಆ ನೀರಿನಲ್ಲಿ ಮೆಲ್ಲಗೆ ತಿರುಗುತ್ತ ಬಂದು ಹಿಮ್ಮಡಿಗೆ ತಾಗಿತು, ಹಿಂದೆ ಸರಿಯಿತು, ಮತ್ತೆ ಬಂದು ತಾಗಿತು.